ಉಗುರು ನೋಡುವವರು ಮಾತ್ರೆ ಹೇಳಬಹುದಾ?

ಓದುಗರ ಪ್ರಶ್ನೆಗಳಿಗೆ ಗೋಣಿಕೊಪ್ಪದ ಪಾರ್ಲರ್ ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಾನು ಕುಶಾಲನಗರದಲ್ಲಿ ಒಂದೂವರೆ ವರ್ಷದಿಂದ ನೇಲ್ ಆರ್ಟ್ ಮಾಡುತ್ತಿದ್ದೇನೆ. ಮೈಸೂರಿನಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿ ಬಂದು ಸಣ್ಣ ಅಂಗಡಿ ಇಟ್ಟೆ. ಬರುವವರಲ್ಲಿ ಅರ್ಧಕ್ಕರ್ಧ ಜನ "ಉಗುರು ಬೆಳೆಯೋದೇ ಇಲ್ಲ, ಸಿಪ್ಪೆ ಏಳುತ್ತೆ, ಏನಾದರೂ ವಿಟಮಿನ್ ಹೇಳಿ" ಅಂತ ಕೇಳುತ್ತಾರೆ. ಹೋದ ತಿಂಗಳು ಒಬ್ಬರು ಬಯೋಟಿನ್ ಕ್ಯಾಪ್ಸೂಲ್, ಗಮ್ಮಿ ಎಲ್ಲ ತಂದು ತೋರಿಸಿದರು. ಒಂದು ಡಬ್ಬಿ ಮಾರಿದರೆ ನನಗೆ 150 ರೂಪಾಯಿ. "ಇದು ಔಷಧಿ ಅಲ್ಲ, ವಿಟಮಿನ್ ಅಷ್ಟೇ, ಯಾರಿಗೆ ಬೇಕಾದರೂ ಕೊಡಬಹುದು" ಅಂತಾರೆ. ಬಾಡಿಗೆ ಕಟ್ಟೋದೇ ಕಷ್ಟ ಆಗಿರುವಾಗ ಆ ದುಡ್ಡು ಸಣ್ಣದಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕುಶಾಲನಗರ

ಉತ್ತರ: ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಆ ಡಬ್ಬಿ ಅಂಗಡಿಯಲ್ಲಿ ಇಡಬೇಡ. ಯಾರಿಗೂ ಮಾತ್ರೆಯ ಹೆಸರು ಹೇಳಬೇಡ. ಯಾಕೆ ಅಂತ ಹೇಳಬೇಕಾದರೆ ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಶುರು ಮಾಡಬೇಕು.

ಗೋಣಿಕೊಪ್ಪದಲ್ಲಿ ನಾನು ಪಾರ್ಲರ್ ಇಟ್ಟು 22 ವರ್ಷ ಆಯಿತು. ಏಳೆಂಟು ವರ್ಷದ ಹಿಂದೆ ನನ್ನ ಹತ್ತಿರವೂ ಇಂಥದೇ ಡಬ್ಬಿ ಬಂತು. ಒಂದೊಂದು ಕ್ಯಾಪ್ಸೂಲಿನಲ್ಲಿ 10 ಮಿಲಿಗ್ರಾಂ ಬಯೋಟಿನ್. ಮೊದಲು ನಾನೇ ಎರಡು ತಿಂಗಳು ನುಂಗಿ ನೋಡಿದೆ. ಏನೂ ತೊಂದರೆ ಆಗಲಿಲ್ಲ. ಧೈರ್ಯ ಬಂತು, ಮಾರೋಕೆ ಶುರು ಮಾಡಿದೆ. ಪೊನ್ನಂಪೇಟೆ ಕಡೆಯ ಒಬ್ಬರು ಪ್ರತಿ ತಿಂಗಳೂ ಮೆನಿಕ್ಯೂರ್‌ಗೆ ಬರುತ್ತಿದ್ದರು. ಅವರು ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದವರು. ಅದು ನನಗೆ ಗೊತ್ತಿತ್ತು. ಬಯೋಟಿನ್‌ಗೂ ಅದಕ್ಕೂ ಏನಾದರೂ ಸಂಬಂಧ ಇರಬಹುದು ಅನ್ನುವ ಯೋಚನೆಯೇ ನನಗೆ ಬರಲಿಲ್ಲ. ಕೊಟ್ಟುಬಿಟ್ಟೆ.

ಮೂರು ತಿಂಗಳಾದ ಮೇಲೆ ಅವರು ಮಾಮೂಲಿ ರಕ್ತ ಪರೀಕ್ಷೆ ಮಾಡಿಸಿದರು. ಟಿಎಸ್‌ಎಚ್ ತೀರಾ ಕಡಿಮೆ ಬಂತು. ದೇಹದಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದರೆ ಇಳಿಯುವ, ಕಡಿಮೆ ಆದರೆ ಏರುವ ಇನ್ನೊಂದು ಹಾರ್ಮೋನ್ ಅದು. ಥೈರಾಯ್ಡ್ ಮಾತ್ರೆ ಜಾಸ್ತಿ ಆಗಿದೆ ಅಂತ ಡೋಸ್ ಇಳಿಸಿದರು. ಆಮೇಲೆ ಅವರ ಕಷ್ಟ ಶುರುವಾಯಿತು. ಮುಖ ಊದಿಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಆಗುತ್ತಿರಲಿಲ್ಲ. ಕಾಫಿ ಕೊಯ್ಲಿನ ಸಮಯ, ಮನೆಯಲ್ಲಿ ಆಳುಕಾಳು, ಕಣದಲ್ಲಿ ಕಾಫಿ ಹರಡಿದೆ, ಇವರಿಗೆ ನಾಲ್ಕು ಹೆಜ್ಜೆ ನಡೆದರೆ ಸುಸ್ತು. ಎರಡು ತಿಂಗಳು ಹೀಗೇ ನರಳಿ ಇನ್ನೊಂದು ಕಡೆ ತೋರಿಸಿದರು. ಅಲ್ಲಿನ ಡಾಕ್ಟರ್ ರಿಪೋರ್ಟ್ ನೋಡಿ, ಇವರ ಮುಖ ನೋಡಿ, ಕೇಳಿದ್ದು ಒಂದೇ ಮಾತು. "ಕೂದಲಿಗೆ, ಉಗುರಿಗೆ ಅಂತ ಏನಾದರೂ ವಿಟಮಿನ್ ತಗೊಳ್ತಿದ್ದೀರಾ?"

ಬಯೋಟಿನ್ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ನಿಜವಾದ ಲೆಕ್ಕ ಸಿಕ್ಕಿತು. ಟಿಎಸ್‌ಎಚ್ ಕಡಿಮೆ ಇರಲಿಲ್ಲ, ವಿಪರೀತ ಏರಿತ್ತು. ಅವರು ನನ್ನ ಅಂಗಡಿಗೆ ಬಂದು, ಯಾವಾಗಲೂ ಕೂರುವ ಕುರ್ಚಿಯಲ್ಲೇ ಕೂತು, ಅರ್ಧ ಖಾಲಿಯಾದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. "ನಿನಗೆ ಗೊತ್ತಿರಲಿಲ್ಲ ಅಂತ ನನಗೆ ಗೊತ್ತು" ಅಂದರು. ಆ ಮಾತು ಈಗಲೂ ಎದೆಯಲ್ಲಿ ಚುಚ್ಚುತ್ತದೆ. ಅವತ್ತೇ ಉಳಿದ ಡಬ್ಬಿಗಳನ್ನೆಲ್ಲ ವಾಪಸ್ ಕಳಿಸಿದೆ.

ಇದು ಹೇಗೆ ಆಗುತ್ತದೆ ಅಂತ ಆ ಡಾಕ್ಟರನ್ನೇ ಹೋಗಿ ಕೇಳಿದೆ. ಥೈರಾಯ್ಡ್ ಪರೀಕ್ಷೆಗೆ ಬಳಸುವ ಹಲವು ಕಿಟ್‌ಗಳ ಒಳಗೇ ಬಯೋಟಿನ್ ಇರುತ್ತದೆ. ಅದರ ಹಿಡಿತದ ಮೇಲೆಯೇ ಆ ಪರೀಕ್ಷೆ ನಡೆಯೋದು. ರಕ್ತದಲ್ಲೂ ಬಯೋಟಿನ್ ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ ತೋರಿಸಬಹುದು, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಹಾರ್ಟ್ ಅಟ್ಯಾಕ್ ಆಗಿದೆಯಾ ಅಂತ ನೋಡಲು ಟ್ರೋಪೋನಿನ್ ಪರೀಕ್ಷೆ ಮಾಡುತ್ತಾರಲ್ಲ, ಅದರ ಕೆಲವು ಕಿಟ್‌ಗಳಲ್ಲೂ ಇದೇ ಕಥೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬಯೋಟಿನ್ ಜಾಸ್ತಿ ತಗೊಳ್ಳುತ್ತಿದ್ದ ಒಬ್ಬರ ಟ್ರೋಪೋನಿನ್ ಸುಳ್ಳಾಗಿ ಕಡಿಮೆ ಬಂದು, ಅವರು ತೀರಿಕೊಂಡಿದ್ದನ್ನೂ ಅದರಲ್ಲಿ ಹೇಳಿದೆ. ಉಗುರು ಚೆನ್ನಾಗಿರಲಿ ಅಂತ ನುಂಗಿದ ಮಾತ್ರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡು.

ಈಗ ಡಬ್ಬಿಯ ಲೆಕ್ಕಕ್ಕೆ ಬಾ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಬಯೋಟಿನ್ ಸಾಕು ಅನ್ನುತ್ತಾರೆ. ಒಂದು ಬೇಯಿಸಿದ ಮೊಟ್ಟೆಯಲ್ಲೇ ಸುಮಾರು 10 ಮೈಕ್ರೋಗ್ರಾಂ ಸಿಗುತ್ತದೆ. ಕಡಲೆಕಾಯಿ, ಈಲಿ, ಮೀನು, ಇವುಗಳಲ್ಲೂ ಇದೆ. ಸರಿಯಾಗಿ ಊಟ ಮಾಡುವವರಲ್ಲಿ ಬಯೋಟಿನ್ ಕೊರತೆ ಬಹಳ ಅಪರೂಪ. ನಾನು ಮಾರಿದ ಕ್ಯಾಪ್ಸೂಲಿನಲ್ಲಿ ಇದ್ದದ್ದು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಭಾಗಿಸಿ ನೋಡು. ಹನ್ನೊಂದು ತಿಂಗಳಿಗೆ ಬೇಕಾದಷ್ಟನ್ನು ಒಂದೇ ಗುಟುಕಿಗೆ ನುಂಗಿಸುತ್ತಿದ್ದೆ.

ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದಲ್ಲ, ಏನು ತೊಂದರೆ ಅಂತ ನಿನಗೆ ಡಬ್ಬಿ ತಂದವರು ಹೇಳಬಹುದು. ಹೋಗುತ್ತದೆ, ನಿಜ. ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪಿನ ಪಾಯಸ ತಿಂದರೆ ಮಾರನೇ ದಿನ ಮೂತ್ರ ಕೆಂಪಗಾಗುತ್ತದೆ, ಕೊಡಗಿನ ಮಕ್ಕಳಿಗೂ ಗೊತ್ತು. ಬಯೋಟಿನ್ ಹೊರಗೆ ಹೋಗುವಾಗ ಹಾಗೆ ಬಣ್ಣದಲ್ಲಿ ಕಾಣುವುದಿಲ್ಲ ಅಷ್ಟೇ. ಆದರೆ ಹೋಗುವ ಮೊದಲು ರಕ್ತದಲ್ಲಿ ಸುತ್ತುತ್ತಿರುತ್ತದೆ, ಆ ಹೊತ್ತಿಗೆ ರಕ್ತ ಕೊಟ್ಟರೆ ರಿಪೋರ್ಟ್ ಕೆಡುತ್ತದೆ. ಥೈರಾಯ್ಡ್ ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ದಿನವಾದರೂ ಬಯೋಟಿನ್ ನಿಲ್ಲಿಸಬೇಕು ಅಂತ ತಜ್ಞರು ಹೇಳುತ್ತಾರೆ. ಡೋಸ್ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು. ಡಬ್ಬಿ ಕೊಡುವಾಗ ನಾನು ಇದನ್ನು ಯಾರಿಗಾದರೂ ಹೇಳಿದ್ದೆನಾ? ನನಗೇ ಗೊತ್ತಿರಲಿಲ್ಲ.

"ವಿಟಮಿನ್ ಅಷ್ಟೇ" ಅನ್ನುವ ಮಾತಿಗೆ ಇನ್ನೊಂದು ಉದಾಹರಣೆ. ಕೂದಲು-ಚರ್ಮ-ಉಗುರು ಅಂತ ಬರೆದ ಡಬ್ಬಿಗಳಲ್ಲಿ ಬಯೋಟಿನ್ ಒಂದೇ ಇರೋದಿಲ್ಲ. ಸೆಲೆನಿಯಂ ಅನ್ನುವ ಖನಿಜ ಇರುತ್ತದೆ, ಎಷ್ಟೋ ಸಲ ವಿಟಮಿನ್ ಎ ಕೂಡ ಇರುತ್ತದೆ. ಸೆಲೆನಿಯಂ ದೇಹಕ್ಕೆ ಒಂದು ಚೂರು ಬೇಕು. ಜಾಸ್ತಿ ಆದರೆ ಮೊದಲು ಹಾಳಾಗೋದು ಕೂದಲು ಮತ್ತು ಉಗುರೇ. 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕ ದ್ರವದಲ್ಲಿ ಲೇಬಲ್ ಮೇಲೆ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. 201 ಜನ ಕಾಯಿಲೆ ಬಿದ್ದರು. ಕೂದಲು ಉದುರಿತು, ಉಗುರಿನ ಬಣ್ಣ ಕೆಟ್ಟು ಪುಡಿಯಾಯಿತು. ಉಗುರಿಗೆ ಅಂತ ತಗೊಂಡದ್ದೇ ಉಗುರನ್ನು ತಿಂದುಹಾಕುವ ಸಾಧ್ಯತೆ ಇದೆ ಅಂತ ಹೇಳೋಕೆ ಇದನ್ನು ಬರೆದೆ. ವಿಟಮಿನ್ ಎ ವಿಪರೀತ ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ನಿನ್ನ ಮುಂದೆ ಕೂತ ಹೆಣ್ಣುಮಗಳು ಎರಡು ತಿಂಗಳ ಗರ್ಭಿಣಿಯಾ ಅಂತ ನಿನಗೆ ಗೊತ್ತಾಗುತ್ತದಾ? ಕೆಲವು ಸಲ ಅವಳಿಗೇ ಗೊತ್ತಿರೋದಿಲ್ಲ.

ಹಾಗಾದರೆ ಬಯೋಟಿನ್‌ನಿಂದ ಯಾರಿಗೂ ಏನೂ ಲಾಭ ಇಲ್ಲವಾ ಅಂತ ನೀನು ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕುದುರೆ, ಹಂದಿಗಳ ಗೊರಸು ಬಯೋಟಿನ್ ಕೊಟ್ಟರೆ ಗಟ್ಟಿಯಾಗುತ್ತದೆ ಅಂತ ಪಶುವೈದ್ಯರು ನೋಡಿದ್ದರಿಂದ ಈ ಯೋಚನೆ ಬಂತು. 1989ರಿಂದ 1993ರ ಒಳಗೆ ಮನುಷ್ಯರ ಮೇಲೆ ಕೆಲವು ಅಧ್ಯಯನ ಆದವು. ದಿನಕ್ಕೆ 2.5 ಮಿಲಿಗ್ರಾಂ, ತಿಂಗಳುಗಟ್ಟಲೆ. ಕೆಲವರ ಉಗುರು ದಪ್ಪ ಆಯಿತು, ಸೀಳುವುದು ಕಡಿಮೆ ಆಯಿತು. ಆದರೆ ಅವೆಲ್ಲ ಕೆಲವೇ ಜನರನ್ನು ಇಟ್ಟುಕೊಂಡು ಮಾಡಿದ ಸಣ್ಣ ಅಧ್ಯಯನಗಳು. ಸುಮ್ಮನೆ ಸಪ್ಪೆ ಮಾತ್ರೆ ಕೊಟ್ಟ ಇನ್ನೊಂದು ಗುಂಪಿನ ಜೊತೆ ಸರಿಯಾಗಿ ಹೋಲಿಸಿ ನೋಡಿದ್ದಲ್ಲ. ಹಾಗಾಗಿ ಚರ್ಮದ ಡಾಕ್ಟರ್ ಯಾರಿಗಾದರೂ ನೋಡಿ, ಕೇಳಿ, ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಯೋಟಿನ್ ಬರೆದುಕೊಟ್ಟರೆ ಅದು ಬೇರೆ ವಿಷಯ. ಅದಕ್ಕೆ ನೀನು ಅಡ್ಡ ಮಾತಾಡಬೇಡ.

"ನಾನು ತಗೊಂಡೆ, ನನಗೆ ಗುಣ ಆಯ್ತು" ಅನ್ನುವವರು ನಿನಗೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೈ ಉಗುರು ಬೆಳೆಯೋದು ತಿಂಗಳಿಗೆ 3 ಮಿಲಿಮೀಟರ್ ಅಷ್ಟೇ. ಬುಡದಿಂದ ತುದಿಗೆ ಬರೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಆಗಸ್ಟಿನಲ್ಲಿ, ಜಡಿಮಳೆಯಲ್ಲಿ, ಉಗುರು ಹಾಳಾಗಿದೆ ಅಂತ ಮಾತ್ರೆ ಶುರು ಮಾಡುತ್ತಾರೆ. ಪುತ್ತರಿ ಹಬ್ಬ ಮುಗಿದು ಜನವರಿ ಬರುವಷ್ಟರಲ್ಲಿ ಉಗುರು ಚೆನ್ನಾಗಿರುತ್ತದೆ. ಈ ನಡುವೆ ಮಳೆ ನಿಂತಿದೆ. ಬಟ್ಟೆ ಒಣಗುತ್ತಿದೆ. ಕೈ ಇಪ್ಪತ್ತನಾಲ್ಕು ಗಂಟೆ ಒದ್ದೆ ಇರೋದು ತಪ್ಪಿದೆ. ನಮ್ಮೂರಲ್ಲಿ ಉಗುರು ಸಿಪ್ಪೆ ಏಳೋಕೆ ದೊಡ್ಡ ಕಾರಣವೇ ಈ ನೀರು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ನೆನೆದಾಗ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಪದರ ಪದರಕ್ಕೆ ಹಾಕಿದ ಅಂಟು ಬಿಡುತ್ತದೆ. ಮಳೆ ಮಾಡಿದ ಕೆಡುಕನ್ನು ಬಿಸಿಲು ಸರಿ ಮಾಡಿತು, ಹೆಸರು ಮಾತ್ರೆಗೆ ಬಂತು.

ಈಗ ನಾನು ನಿನಗೆ ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು.

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳು, ಮದುವೆ ಸೀಸನ್. ಮಗಳ ಮದುವೆ ಅಂತ ಒಬ್ಬ ತಾಯಿ ಬಂದರು. ನಲವತ್ತೈದರ ಆಸುಪಾಸು. ನನ್ನ ಪಾರ್ಲರ್ ಮೊದಲನೇ ಮಹಡಿಯಲ್ಲಿದೆ, ಹದಿನೆಂಟು ಮೆಟ್ಟಿಲು. ಹತ್ತಿ ಬಂದವರು ಮಾತಾಡೋಕೆ ಎರಡು ನಿಮಿಷ ತಗೊಂಡರು. ಜೆಲ್ ಪಾಲಿಶ್ ಹಾಕಿಸಿಕೊಳ್ಳಬೇಕು, ಉಗುರು ಮಾತ್ರ ತುಂಬ ವೀಕು, ಒಳ್ಳೆ ವಿಟಮಿನ್ ಇದ್ದರೆ ಕೊಡಿ ಅಂದರು. ಬೆರಳು ಹಿಡಿದು ಹಳೇ ಪಾಲಿಶ್ ಒರೆಸಿದೆ. ಹೆಬ್ಬೆರಳು, ತೋರುಬೆರಳು, ಎರಡರ ಉಗುರೂ ಉಬ್ಬಿರಬೇಕಾದ ಕಡೆ ತಗ್ಗಾಗಿತ್ತು. ಅಂಚು ಮೇಲೆದ್ದು ನಡುವೆ ಗುಳಿ, ಸಣ್ಣ ಚಮಚದ ಹಾಗೆ. ಮೆನಿಕ್ಯೂರ್ ಬಟ್ಟಲಿನಿಂದ ಒಂದು ಹನಿ ನೀರು ತೆಗೆದು ತೋರುಬೆರಳ ಉಗುರಿನ ಮೇಲೆ ಬಿಟ್ಟೆ. ಒಳ್ಳೆ ಉಗುರಾದರೆ ಹನಿ ಜಾರಿ ಬೀಳುತ್ತದೆ. ಅದು ಜಾರಲಿಲ್ಲ. ಅಲ್ಲೇ ಗುಳಿಯಲ್ಲಿ ಕೂತಿತು. ಉಗುರಿನ ಕೆಳಗಿನ ಚರ್ಮ ಬಿಳಿಚಿಕೊಂಡಿತ್ತು.

"ಅಕ್ಕ, ತಿಂಗಳ ಮುಟ್ಟು ಜಾಸ್ತಿ ಹೋಗ್ತದಾ?" ಅಂತ ಮೆಲ್ಲಗೆ ಕೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಒಂದು ವರ್ಷದಿಂದ ಹತ್ತು ಹನ್ನೆರಡು ದಿನ ಹೋಗುತ್ತಿತ್ತಂತೆ. ಮದುವೆ ಕೆಲಸದ ನಡುವೆ ಯಾರಿಗೂ ಹೇಳಿರಲಿಲ್ಲ. ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ. "ಉಗುರಿನ ಆಕಾರ ಹೀಗಿದ್ದರೆ ರಕ್ತ ನೋಡಿಸಬೇಕಂತೆ. ನಾಳೆಯೇ ಹಿಮೋಗ್ಲೋಬಿನ್ ಮಾಡಿಸಿ. ಈ ಉಗುರಿನ ಮೇಲೆ ಇವತ್ತು ಜೆಲ್ ಬೇಡ, ಬಣ್ಣ ಮಾತ್ರ ಹಾಕಿಕೊಡ್ತೇನೆ" ಅಂದೆ. ಒಂದು ಚೀಟಿಯಲ್ಲಿ 'ಎರಡು ಬೆರಳ ಉಗುರು ಗುಳಿ ಬಿದ್ದಿದೆ, ಮೆಟ್ಟಿಲು ಹತ್ತಿದರೆ ಏದುಸಿರು' ಅಂತ ಬರೆದುಕೊಟ್ಟೆ. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ಅವರಿಗೆ 7.2 ಇತ್ತು. ಗರ್ಭಕೋಶದಲ್ಲಿ ಗಡ್ಡೆ. ಚಿಕಿತ್ಸೆ ಆಯಿತು, ಕಬ್ಬಿಣದ ಅಂಶ ಕೊಟ್ಟರು, ಮದುವೆಯೂ ಚೆನ್ನಾಗಿ ಆಯಿತು. ಆ ಡಿಸೆಂಬರಿನಲ್ಲಿ ಬಂದಾಗ ಬುಡದಿಂದ ಹೊಸ ಉಗುರು ಉಬ್ಬಿಕೊಂಡು ಬಂದಿತ್ತು. ಅವರ ಬೆರಳನ್ನು ನಾನೇ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

ಅವತ್ತು ನನ್ನ ಕಪಾಟಿನಲ್ಲಿ ಬಯೋಟಿನ್ ಡಬ್ಬಿ ಇದ್ದಿದ್ದರೆ? ಕೊಡುತ್ತಿದ್ದೆ. ಅವರು ಮೂರು ತಿಂಗಳು ಅದನ್ನೇ ನುಂಗುತ್ತಾ ಕಾಯುತ್ತಿದ್ದರು, ರಕ್ತ ಇನ್ನೂ ಇಳಿಯುತ್ತಿತ್ತು. ಮಾತ್ರೆ ಹೇಳೋದರಲ್ಲಿ ನನಗೆ ಕಾಣುವ ದೊಡ್ಡ ಅಪಾಯ ಇದು. ಕೊಟ್ಟ ಕ್ಷಣಕ್ಕೆ ಕೇಳಿದವರಿಗೂ ಸಮಾಧಾನ, ನಮಗೂ ಸಮಾಧಾನ, ಆಮೇಲೆ ಯಾರೂ ಉಗುರನ್ನು ನೋಡೋದೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ 57 ಶೇಕಡ ಜನಕ್ಕೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು. ನಿನ್ನ ಕುರ್ಚಿಯಲ್ಲಿ ದಿನಕ್ಕೆ ಆರು ಜನ ಕೂತರೆ ಎಷ್ಟು ಜನ ಅಂತ ಲೆಕ್ಕ ಹಾಕು. ಅವರ ಕೈಯನ್ನು ಮುಕ್ಕಾಲು ಗಂಟೆ ಬೆಳಕಿನ ಕೆಳಗೆ ಹಿಡಿದು ನೋಡುವವರು ಇಡೀ ಊರಲ್ಲಿ ನಾವೇ. ಡಾಕ್ಟರಿಗೂ ಅಷ್ಟು ಹೊತ್ತು ಸಿಗೋದಿಲ್ಲ.

ಹಾಗಾಗಿ ನೋಡೋದನ್ನು ಕಲಿ. ಉಗುರಿನ ಉದ್ದಕ್ಕೂ ಹೊಸದಾಗಿ ಕಪ್ಪು ಗೆರೆ ಬಂದಿದ್ದರೆ, ಅದು ಅಗಲ ಆಗುತ್ತಿದ್ದರೆ, ತಡ ಮಾಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸು. ಗುಂಡುಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದರೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಒಂದೇ ಉಗುರು ದಪ್ಪ ಆಗಿ ಹಳದಿ ತಿರುಗಿದ್ದರೆ ಫಂಗಸ್ ಇರಬಹುದು. ಉಗುರುಸುತ್ತು ಆಗಿ ಕೀವು ಇದ್ದರೆ ಅವತ್ತು ಕ್ಯುಟಿಕಲ್ (ಉಗುರಿನ ಬುಡದ ತೆಳು ಚರ್ಮ) ಮುಟ್ಟಲೇಬೇಡ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರ ಕಾಲನ್ನು. "ಇರಬಹುದು" ಅನ್ನೋದು ನಿನ್ನ ಮನಸ್ಸಿನಲ್ಲಿ ಇರಲಿ, ಬಾಯಲ್ಲಿ "ಇದನ್ನು ಡಾಕ್ಟರಿಗೆ ತೋರಿಸಿ" ಅಂತ ಮಾತ್ರ ಬರಲಿ.

ನಮ್ಮ ಕೈಯಿಂದಲೇ ಆಗುವ ಹಾನಿಯ ಬಗ್ಗೆಯೂ ಹೇಳಬೇಕು. ಉಗುರು ವೀಕ್ ಅಂತ ಬರುವ ಎಷ್ಟೋ ಜನರ ಉಗುರನ್ನು ವೀಕ್ ಮಾಡಿದ್ದು ಹಿಂದಿನ ಸಲ ಜೆಲ್ ತೆಗೆದ ರೀತಿ. ಅಸಿಟೋನ್ ಹತ್ತಿ ಇಟ್ಟು ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಬಿಡದೆ, ಐದೇ ನಿಮಿಷಕ್ಕೆ ಪುಷರ್ ಹಾಕಿ ಕೆರೆದರೆ ಜೆಲ್ ಜೊತೆ ಉಗುರಿನ ಪದರವೂ ಕಿತ್ತು ಬರುತ್ತದೆ. ಬಿಳಿ ಬಿಳಿ ಒರಟು ಕಲೆ ಕಾಣುತ್ತದಲ್ಲ, ಅದೇ. ಅದರ ಮೇಲೆ ಬಫರ್ ಉಜ್ಜಿ, ಇ-ಫೈಲ್ ಅನ್ನುವ ಉಗುರು ಉಜ್ಜುವ ಮೆಷಿನ್ ಓಡಿಸಿ ಇನ್ನೂ ತೆಳ್ಳಗೆ ಮಾಡುತ್ತೇವೆ. ಕಣ್ಣಿಗೆ ಕಾಣುವ ಉಗುರು ಸತ್ತ ಭಾಗ. ಯಾವ ವಿಟಮಿನ್ ನುಂಗಿದರೂ ಹರಿದ ಪದರ ಮತ್ತೆ ಅಂಟೋದಿಲ್ಲ. ಹೊಸದು ಬುಡದಿಂದ ಬೆಳೆದೇ ಬರಬೇಕು. ಗಟ್ಟಿ ಮಾಡುವ ಪಾಲಿಶ್ ಅಂತ ಬರುತ್ತವೆ, ಕೆಲವದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮೊದಲು ಗಟ್ಟಿ ಅನಿಸಿ, ಹಚ್ಚುತ್ತಾ ಹೋದರೆ ಉಗುರು ಗಾಜಿನ ಹಾಗೆ ಮುರಿಯುತ್ತದೆ. ಅದನ್ನೂ ದೂರ ಇಡು.

ಇನ್ನು ದುಡ್ಡಿನ ಮಾತು. ಅದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ, ಬಾಡಿಗೆಯ ಕಷ್ಟ ನಾನೂ ಉಂಡಿದ್ದೇನೆ. ಮೊದಲನೆಯದು, ಈ ಡಬ್ಬಿಗಳು ಕಾನೂನಿನ ಪ್ರಕಾರ ಆಹಾರದ ಲೆಕ್ಕಕ್ಕೆ ಬರುತ್ತವೆ, ಔಷಧಿಯಾಗಿ ಬಳಸಲು ಅಲ್ಲ ಅಂತ ಅದರ ಮೇಲೇ ಬರೆದಿರಬೇಕು. ಮಾರುವ ಅಂಗಡಿಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಎರಡನೆಯದು, ಆ ಸಂಪಾದನೆಯನ್ನು ನಿನ್ನ ಕೈಕೆಲಸದಿಂದಲೇ ಮಾಡು. ನಾನು ಜೆಲ್ ತೆಗೆಯೋದಕ್ಕೆ ಬೇರೆ ಚಾರ್ಜ್ ಮಾಡುತ್ತೇನೆ, ನಿಧಾನವಾಗಿ ಅರ್ಧ ಗಂಟೆ ಕೂತು ತೆಗೆಯುತ್ತೇನೆ. ಮೊದಲು ಮೊದಲು ಜನ ಗೊಣಗಿದರು. ಈಗ ಬೇರೆ ಕಡೆ ಹಾಕಿಸಿಕೊಂಡವರೂ ತೆಗೆಸೋಕೆ ನನ್ನ ಹತ್ತಿರ ಬರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ 'ಮಳೆಗಾಲದ ಉಗುರು' ಅಂತ ಒಂದು ಸರ್ವಿಸ್ ಇಟ್ಟಿದ್ದೇನೆ. ಉಗುರು ಗಿಡ್ಡ ಮಾಡಿ, ಅಂಚು ನಯ ಮಾಡಿ, ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕಿ ಕೊಡೋದು. 200 ರೂಪಾಯಿ. ನಿನ್ನ 150ಕ್ಕಿಂತ ಜಾಸ್ತಿ, ಅಲ್ವಾ?

ಈಗಾಗಲೇ ತಾವಾಗಿ ಬಯೋಟಿನ್ ತಗೊಳ್ಳುತ್ತಿರುವವರು ಬಂದರೆ ನಿಲ್ಲಿಸಿ ಅನ್ನಲೂ ಬೇಡ, ಮುಂದುವರಿಸಿ ಅನ್ನಲೂ ಬೇಡ. ರಕ್ತ ಪರೀಕ್ಷೆಗೆ ಹೋಗುವಾಗ ಡಾಕ್ಟರಿಗೂ ಲ್ಯಾಬಿನವರಿಗೂ ತಪ್ಪದೆ ಹೇಳಿ ಅಂತ ಹೇಳು. ಅಷ್ಟು ಹೇಳಿದರೆ ನನ್ನ ಪೊನ್ನಂಪೇಟೆಯ ಅಕ್ಕನಿಗೆ ಆದದ್ದು ಇನ್ನೊಬ್ಬರಿಗೆ ಆಗೋದಿಲ್ಲ.

ಪ್ರಶ್ನೆ: ಕಕ್ಕಬ್ಬೆ ಹತ್ತಿರ ಹೋಂಸ್ಟೇ ನಡೆಸುತ್ತಿದ್ದೇನೆ, ವಯಸ್ಸು 52. ಉಗುರು ತುದಿಯಲ್ಲಿ ಪದರ ಪದರವಾಗಿ ಏಳುತ್ತದೆ. ಬ್ಯೂಟಿಷಿಯನ್ ಒಬ್ಬರು ಹೇಳಿದರು ಅಂತ ನಾಲ್ಕು ತಿಂಗಳಿಂದ ಕ್ಯಾಲ್ಸಿಯಂ, ಐರನ್, ಮಲ್ಟಿವಿಟಮಿನ್ ಮೂರನ್ನೂ ಬೆಳಿಗ್ಗೆ ತಿಂಡಿಯಾದ ಕೂಡಲೇ ಕಾಫಿ ಜೊತೆ ತಗೊಳ್ಳುತ್ತಿದ್ದೇನೆ. ಏನೂ ಬದಲಾಗಿಲ್ಲ. ಡೋಸ್ ಹೆಚ್ಚಿಸಬೇಕಾ?
– ಓದುಗರೊಬ್ಬರು, ಕಕ್ಕಬ್ಬೆ

ಉತ್ತರ: ಹೆಚ್ಚಿಸಬೇಡಿ ಅಕ್ಕ. ಮೊದಲು ನಿಮ್ಮ ಕೈ ದಿನಕ್ಕೆ ಎಷ್ಟು ಸಲ ನೀರಿಗೆ ಹೋಗುತ್ತದೆ ಅಂತ ಒಂದು ಭಾನುವಾರ ಎಣಿಸಿ ನೋಡಿ. ಹೋಂಸ್ಟೇ ಅಂದರೆ ನನಗೆ ಗೊತ್ತು. ಹತ್ತು ಜನರ ತಟ್ಟೆ, ಕಡುಂಬುಟ್ಟಿನ ಪಾತ್ರೆ, ಪಂದಿ ಕರಿಯ ಜಿಡ್ಡು, ಅದಕ್ಕೆ ಬಿಸಿನೀರು, ಸೋಪು. ಪದರ ತುದಿಯಲ್ಲಿ ಮಾತ್ರ ಏಳುತ್ತಿದ್ದರೆ, ಹತ್ತೂ ಬೆರಳಲ್ಲಿ ಇದ್ದರೆ, ಕಾಲಿನ ಉಗುರು ಚೆನ್ನಾಗಿದ್ದರೆ, ಬಹಳ ಮಟ್ಟಿಗೆ ಅದು ನೀರಿನ ಕೆಲಸ. ಇದೇ ಹೊಟ್ಟೆಯಿಂದ ತಾನೇ ಕಾಲಿನ ಉಗುರಿಗೂ ಸತ್ವ ಹೋಗೋದು?

ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿ. ಒಳಗೆ ತೆಳ್ಳಗಿನ ಕಾಟನ್ ಗ್ಲೌಸ್ ಇರಲಿ, ಇಲ್ಲದಿದ್ದರೆ ಬೆವರಿನಲ್ಲೇ ಕೈ ನೆನೆಯುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಉಗುರಿನ ತುದಿಗೂ ಬುಡಕ್ಕೂ ಹಚ್ಚಿ. ರಾತ್ರಿ ಮಲಗುವಾಗ ಇನ್ನೊಂದು ಸಲ. ನಾಲ್ಕೈದು ತಿಂಗಳು ಬಿಡದೆ ಮಾಡಬೇಕು, ಹಳೇ ಉಗುರು ಬೆಳೆದು ಕತ್ತರಿಸಿ ಹೋಗುವ ತನಕ.

ಈಗ ಮಾತ್ರೆ. ಉಗುರು ಗಟ್ಟಿ ಇರೋದು ಕೆರಾಟಿನ್ ಅನ್ನುವ ಪ್ರೋಟೀನಿನಿಂದ. ಮೂಳೆಯ ಹಾಗೆ ಕ್ಯಾಲ್ಸಿಯಂನಿಂದ ಅಲ್ಲ. ಉಗುರಲ್ಲಿ ಕ್ಯಾಲ್ಸಿಯಂ ಇರೋದು ತೀರಾ ಸ್ವಲ್ಪ. ನಿಮ್ಮ ವಯಸ್ಸಿನಲ್ಲಿ ಮೂಳೆಗೆ ಕ್ಯಾಲ್ಸಿಯಂ ಬೇಕಾಗಬಹುದು, ಅದನ್ನು ಡಾಕ್ಟರನ್ನು ಕೇಳಿ. ಉಗುರಿಗೆ ಅಂತ ಬೇಡ. ಐರನ್ ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆ ನುಂಗಿದರೆ ಐರನ್ ಸರಿಯಾಗಿ ಒಳಗೆ ಹೋಗೋದಿಲ್ಲ. ಕಾಫಿಯೂ ಅದಕ್ಕೆ ಅಡ್ಡಿ. ನಾವು ಕಾಫಿ ಬೆಳೆಯುವವರು, ಬೆಲ್ಲದ ಕಾಫಿ ಇಲ್ಲದೆ ಬೆಳಕೇ ಹರಿಯೋದಿಲ್ಲ, ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಊಟಕ್ಕೂ ಐರನ್ ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಇರಲಿ. ಜೊತೆಗೆ ಲಿಂಬೆಹಣ್ಣಿನ ಪಾನಕವೋ, ಕಿತ್ತಳೆ ಹಣ್ಣೋ ಇದ್ದರೆ ಐರನ್ ಚೆನ್ನಾಗಿ ಹಿಡಿಯುತ್ತದೆ.

ಆದರೆ ನಿಮಗೆ ಐರನ್ ಬೇಕಾ ಅನ್ನೋದೇ ಗೊತ್ತಿಲ್ಲವಲ್ಲ ಅಕ್ಕ. ಯಾರಾದರೂ ರಕ್ತ ನೋಡಿ ಹೇಳಿದ್ದಾ? ಮುಟ್ಟು ನಿಂತ ಮೇಲೆ ಹೆಂಗಸರಿಗೆ ಐರನ್ ಅಗತ್ಯ ಕಡಿಮೆ ಆಗುತ್ತದೆ. ಮುಟ್ಟು ನಿಂತ ಮೇಲೂ ರಕ್ತ ಕಡಿಮೆ ಇದೆ ಅಂತ ಬಂದರೆ ಅದು ಎಲ್ಲಿ ಸೋರುತ್ತಿದೆ ಅಂತ ಡಾಕ್ಟರ್ ಹುಡುಕಬೇಕು, ಸುಮ್ನೆ ಮಾತ್ರೆ ನುಂಗಿ ಮುಚ್ಚಿಡಬಾರದು. ಥಲಸ್ಸೇಮಿಯಾದಂಥ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಲ್ಲಿ ರಕ್ತ ಕಡಿಮೆ ಇದ್ದರೂ ಐರನ್ ಕೊಟ್ಟರೆ ಕೆಡುಕಾಗಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುತ್ತಾರೆ. ಥೈರಾಯ್ಡ್ ಪರೀಕ್ಷೆಯೂ ಆಗಲಿ, ಈ ವಯಸ್ಸಿನಲ್ಲಿ ಅದರ ತೊಂದರೆ ಜಾಸ್ತಿ, ಉಗುರು ಪೆಡಸಾಗೋದು ಅದರ ಒಂದು ಲಕ್ಷಣ. ಹೋಗುವಾಗ ಆ ಮೂರೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಲ್ಟಿವಿಟಮಿನ್ ಡಬ್ಬಿಯ ಹಿಂದೆ ಬಯೋಟಿನ್ ಎಷ್ಟಿದೆ ಅಂತ ಅವರಿಗೆ ತೋರಿಸಿ.

ನಿಮಗೆ ಹೇಳಿದ ಬ್ಯೂಟಿಷಿಯನ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಈ ಪುಟ ಓದೋಕೆ ಕೊಡಿ.

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಉಗುರುಗಳಲ್ಲಿ ಬಿಳಿ ಚುಕ್ಕಿ ಬಂದಿದೆ. ಕ್ಯಾಲ್ಸಿಯಂ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಸಿರಪ್ ಕೊಡಲಾ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಬೇಡ ತಂಗಿ. ಅದು ಕ್ಯಾಲ್ಸಿಯಂ ಕೊರತೆ ಅಲ್ಲ. ಆಟದಲ್ಲಿ ಬಾಗಿಲಿಗೋ ಬೆಂಚಿಗೋ ಬೆರಳು ತಾಗಿರುತ್ತದೆ, ಉಗುರು ಕಚ್ಚುವ ಅಭ್ಯಾಸ ಇದ್ದರೂ ಆಗುತ್ತದೆ. ಬುಡದಲ್ಲಿ ಉಗುರು ತಯಾರಾಗುವ ಜಾಗಕ್ಕೆ ಸಣ್ಣ ಪೆಟ್ಟು ಬಿದ್ದು, ಕೆಲವು ವಾರ ಆದ ಮೇಲೆ ಹೊರಗೆ ಕಾಣುತ್ತದೆ. ಅಷ್ಟರಲ್ಲಿ ಪೆಟ್ಟು ಬಿದ್ದದ್ದೇ ಮರೆತುಹೋಗಿರುತ್ತದೆ. ಉಗುರು ಪೂರ್ತಿ ಬೆಳ್ಳಗಾದರೆ, ಅಡ್ಡಡ್ಡ ಬಿಳಿ ಪಟ್ಟೆ ಎಲ್ಲ ಬೆರಳಲ್ಲೂ ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ.

ನಾವು ಚಿಕ್ಕವರಿದ್ದಾಗ ಗದ್ದೆಯ ಮೇಲೆ ಬೆಳ್ಳಕ್ಕಿ ಸಾಲು ಹಾರಿದರೆ ಹತ್ತೂ ಬೆರಳು ಮೇಲೆ ಚಾಚಿ, ಉಗುರಿಗೆ ಹೂ ಕೊಡು ಅಂತ ಕೂಗುತ್ತಾ ಏರಿಯ ಮೇಲೆ ಓಡುತ್ತಿದ್ದೆವು. ಬಿಳಿ ಚುಕ್ಕಿ ಜಾಸ್ತಿ ಇದ್ದವಳೇ ಅವತ್ತಿನ ರಾಣಿ. ನಿಮ್ಮ ಮಗಳಿಗೂ ಹೇಳಿಕೊಡಿ. ಮತ್ತೆ ಇವತ್ತಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಚುಕ್ಕಿ ಎಲ್ಲಿದೆ ಅಂತ ಅವಳ ಕೈಲೇ ಉಗುರಿನ ಚಿತ್ರ ಬರೆಸಿ. ತಿಂಗಳಿಗೊಮ್ಮೆ ಪಕ್ಕದಲ್ಲಿ ಇನ್ನೊಂದು ಚಿತ್ರ ಬರೆಯಲಿ. ಚುಕ್ಕಿ ಮೆಲ್ಲಗೆ ತುದಿಯ ಕಡೆ ಹೋಗೋದು ಕಾಣುತ್ತದೆ. ತುದಿಗೆ ಬಂದ ದಿನ ನೇಲ್ ಕಟ್ಟರ್ ಅವಳ ಕೈಗೇ ಕೊಡಿ.